ಹಂದಿ ತಿಂದದ್ದು ಎಲ್ಲಿ ಹೋಯಿತು

ಆಗ ನನಗೆ ಅರವತ್ತೆಂಟು. ಎಂಟು ವರ್ಷದ ಹಿಂದಿನ ಮಾತು. ಪಂಪ್‌ವೆಲ್‌ನ ಫ್ಲೈಓವರ್ ಇನ್ನೂ ಮುಗಿದಿರಲಿಲ್ಲ. ನನ್ನ ತಮ್ಮನ ಮಗಳು ಕುವೈತಿನಲ್ಲಿ ನರ್ಸ್, ಅವಳಿಗೆ ಮದುವೆ ನಿಶ್ಚಯವಾಗಿತ್ತು. ಜನವರಿಯಲ್ಲಿ ಇಪ್ಪತ್ತು ದಿನದ ರಜೆಯಲ್ಲಿ ಬರುವುದು, ಮದುವೆಯಾಗುವುದು, ಹೋಗುವುದು.

ಮದುವೆಯ ಮುಂಚಿನ ದಿನ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ರೋಸ್ ಮಾಡುತ್ತಾರೆ. ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುತ್ತಾರೆ, ಹಾಡುತ್ತಾರೆ, ಆಮೇಲೆ ಊಟ. ಆ ಊಟದಲ್ಲಿ ಹಂದಿಮಾಂಸ ಇರಲೇಬೇಕು. ನಾನು ವಾಮಂಜೂರಿನ ಮನೆಗೆ ಮದುವೆಯಾಗಿ ಬಂದ ವರ್ಷದಿಂದ ಹಂದಿ ಸಾಕಿದವಳು. ತಮ್ಮನ ಮದುವೆಯ ರೋಸಿಗೆ ಹಂದಿ ಹೋದದ್ದು ನನ್ನ ಗೂಡಿನಿಂದ. ತಂಗಿಯಂದಿರ ಇಬ್ಬರ ರೋಸಿಗೂ ನನ್ನ ಗೂಡಿನಿಂದಲೇ. ಹಾಗಾಗಿ ಆ ವರ್ಷ ಈಸ್ಟರ್ ಊಟಕ್ಕೆ ತಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಯಾರೂ ಕೇಳುವ ಮೊದಲೇ ನಾನು ಹೇಳಿದೆ, ಈ ಹುಡುಗಿಯ ರೋಸಿಗೂ ನನ್ನ ಹಂದಿಯೇ ಎಂದು.

ತಮ್ಮನ ಹೆಂಡತಿ ಪಾತ್ರೆ ಎತ್ತುತ್ತಾ ಇದ್ದವಳು ನಿಂತಳು. ನಾವು ಮಾತಾಡಿದ್ದು ಕೊಂಕಣಿಯಲ್ಲಿ, ಬರೆಯುವುದು ಕನ್ನಡದಲ್ಲಿ.

"ಅಕ್ಕಾ, ನಿಮಗೆ ಈ ವಯಸ್ಸಲ್ಲಿ ಯಾಕೆ ಅದೆಲ್ಲ? ಫಾರ್ಮಿಗೆ ಫೋನ್ ಮಾಡಿದರೆ ತುಂಡು ಮಾಡಿ, ತೊಳೆದು, ಮನೆಗೆ ತಂದು ಕೊಡ್ತಾರೆ."

"ಫಾರ್ಮಿನ ಹಂದಿ ಒಲೆ ಮೇಲೆ ಇಟ್ಟರೆ ನೀರು ಬಿಡ್ತದೆ."

"ನಿಮ್ಮ ಹಂದಿ ಎಂತ ಬಿಡ್ತದೆ, ಪನ್ನೀರಾ?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನನಗೆ ಅದು ಸರಿ ಬರಲಿಲ್ಲ.

"ಜನವರಿಯಲ್ಲಿ ತಿಂದು ಹೇಳು," ಎಂದೆ. "ನನ್ನ ಹಂದಿ ರೋಸಿಗೆ ಆಗದಿದ್ದರೆ ನಾನು ಗೂಡು ಕೆಡವಿ ಅಲ್ಲಿ ಕ್ರೋಟನ್ ಗಿಡ ನೆಡ್ತೇನೆ. ಮತ್ತೆ ಹಂದಿ ಸಾಕುದಿಲ್ಲ."

ಮಾತು ಬಾಯಿಂದ ಹೋಗಿ ಆಯಿತು. ಇಪ್ಪತ್ತು ಮಂದಿ ಕೇಳಿದ್ದರು.

ಆ ವಾರವೇ ಒಂದು ಮರಿ ತಂದೆ. ಬೇರೆ ವರ್ಷ ಎರಡು ತರುತ್ತಿದ್ದೆ. ಆ ವರ್ಷ ಒಂದೇ ತಂದದ್ದು ನೆರೆಮನೆಯವರ ಸಲುವಾಗಿ. ನೆರೆಮನೆಯವರೆಂದರೆ ಮಾಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. ಅವರದ್ದು ದೇವಸ್ಥಾನದ ಪೂಜೆಯ ಮನೆತನ, ಅವರ ಅಣ್ಣ ಈಗಲೂ ಪೂಜೆ ಮಾಡುತ್ತಾರೆ. ನಮ್ಮ ಎರಡು ಮನೆಯ ನಡುವೆ ಎದೆಯೆತ್ತರದ ಒಂದು ಕಾಂಪೌಂಡು. ಅದರ ಆಚೆ ಅವರ ಹಲಸಿನ ಮರ, ಈಚೆ ನನ್ನ ಹಂದಿಗೂಡು. ಮಾಷ್ಟ್ರು ಬೇಸಗೆಯಲ್ಲಿ ಒಂದು ದಿನ ಗೋಡೆಯ ಹತ್ತಿರ ಬಂದು ಕೆಮ್ಮಿದರು. ಊರಿನವರಿಗೆಲ್ಲ ನಾನು ಬಾಯಮ್ಮ.

"ಬಾಯಮ್ಮ, ಹಂದಿ ಸಾಕಬೇಡಿ ಅಂತ ನಾನು ಹೇಳುದಿಲ್ಲ. ಆದರೆ ನಮ್ಮ ಮನೆಯವಳಿಗೆ ವಾಸನೆ ತಡೆಯುದಿಲ್ಲ. ನೆಲಕ್ಕೆ ಸ್ವಲ್ಪ ಸಿಮೆಂಟು ಹಾಕಿಸಿ ದಿನಾ ತೊಳೆದರೆ ಆಯ್ತು, ಅಲ್ವಾ?"

ಹೇಳಿದ್ದು ಮರ್ಯಾದೆಯಿಂದ. ನಾನು ಒಪ್ಪಿದೆ. ಅದುವರೆಗೆ ನನ್ನ ಗೂಡಿನಲ್ಲಿ ಮಣ್ಣಿನ ನೆಲ, ಅದರ ಮೇಲೆ ಮೊಣಕಾಲು ಮುಳುಗುವಷ್ಟು ತರಗೆಲೆ. ಹಂದಿ ಅದರಲ್ಲೇ ಮಲಗಿ, ಅದರಲ್ಲೇ ಹೇತು, ಮೂತಿಯಿಂದ ಅದನ್ನೇ ಅಡಿಮೇಲು ಮಾಡಿ, ಮೂರು ತಿಂಗಳಿಗೆ ಅದೆಲ್ಲ ಕಪ್ಪಗೆ ಪುಡಿಯಾಗುತ್ತಿತ್ತು. ಆ ಪುಡಿ ಬಸಳೆ ಚಪ್ಪರದ ಬುಡಕ್ಕೆ. ಆ ವರ್ಷ ಎಲ್ಲವನ್ನೂ ಕೆರೆಸಿ ತೆಗೆಸಿ, ಮೇಸ್ತ್ರಿಯನ್ನು ಕರೆಸಿ, ಇಳಿಜಾರು ಕೊಟ್ಟು, ಒಂದು ಚರಂಡಿ ಬಿಡಿಸಿ, ಸಿಮೆಂಟು ಹಾಕಿಸಿದೆ. ಬೆಳಿಗ್ಗೆ ಸಂಜೆ ಎರಡು ಸಲ ಬಾವಿನೀರು ಹೊಯ್ದು ತೊಳೆದೆ. ನೀರು ಚರಂಡಿಯಲ್ಲಿ ಹರಿದು ಹಿಂದಿನ ತೋಡಿಗೆ ಸೇರುತ್ತಿತ್ತು. ಗೂಡು ಆಸ್ಪತ್ರೆಯ ಹಾಗೆ ಕಾಣುತ್ತಿತ್ತು. ಮಾಷ್ಟ್ರ ಹೆಂಡತಿ ಗೋಡೆಯ ಆಚೆಯಿಂದ ನೋಡಿ, "ಈಗ ಚೆಂದ ಆಯ್ತು ಬಾಯಮ್ಮ," ಎಂದರು. ನನಗೂ ಒಳಗೆ ಸ್ವಲ್ಪ ಜಂಬ ಬಂತು.

ಮೇವು ಪಂಪ್‌ವೆಲ್‌ನ ಒಂದು ಹೋಟೆಲಿನದ್ದು. ಉಳಿದ ಅನ್ನ, ಸಾಂಬಾರು, ಪಲ್ಯ, ಗಂಜಿತಿಳಿ, ಎಲ್ಲ ಸೇರಿದ ಮುಸುರೆ. ಅದನ್ನು ಎರಡು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ ದಿನಾ ಬೆಳಿಗ್ಗೆ ತಂದುಕೊಡುವವನು ಒಬ್ಬ ರಿಕ್ಷಾದವನು, ಪಡೀಲಿನವನು. ಹತ್ತು ವರ್ಷದಿಂದ ತರುತ್ತಿದ್ದ. ಮಳೆ ಎಂದು ಬಿಟ್ಟವನಲ್ಲ, ಬಂದ್ ಎಂದು ಬಿಟ್ಟವನಲ್ಲ.

ಜೂನ್ ಬಂತು, ಮಳೆ ಹಿಡಿಯಿತು. ನಾನು ಹದಿನೈದು ದಿನಕ್ಕೊಮ್ಮೆ ಹಂದಿಯ ಮುಂಗಾಲಿನ ಹಿಂದೆ ಎದೆಯ ಸುತ್ತ ಹಗ್ಗ ಹಾಕಿ, ಸುತ್ತು ಎಷ್ಟೋ ಅಷ್ಟಕ್ಕೆ ಒಂದು ಗಂಟು ಹಾಕುತ್ತೇನೆ. ಹಂದಿಯನ್ನು ತಕ್ಕಡಿಗೆ ಹಾಕಲು ಆಗುವುದಿಲ್ಲ, ಹಗ್ಗ ಸುಳ್ಳು ಹೇಳುವುದಿಲ್ಲ. ಬೇರೆ ವರ್ಷ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಮೂರು ಬೆರಳು ಅಂತರ ಬರುತ್ತಿತ್ತು. ಆ ವರ್ಷ ಒಂದು ಬೆರಳು. ಜುಲೈಯಲ್ಲಿ ಅದೂ ಇಲ್ಲ. ಹಂದಿ ತಿನ್ನುತ್ತಿತ್ತು, ಚೆನ್ನಾಗಿಯೇ ತಿನ್ನುತ್ತಿತ್ತು, ತೊಟ್ಟಿ ನೆಕ್ಕುತ್ತಿತ್ತು. ಆದರೆ ಬೆನ್ನುಮೂಳೆ ಕಾಣುತ್ತಿತ್ತು. ಹುಳದ ಮದ್ದು ಹಾಕಿಸಿದೆ. ಹುಳ ಬೀಳಲಿಲ್ಲ, ಮೈಯೂ ಬರಲಿಲ್ಲ.

ಆಗ ತಮ್ಮನ ಹೆಂಡತಿ ಫೋನ್ ಮಾಡಿದಳು. ಏನೋ ಬೇರೆ ಮಾತಿಗೆ ಮಾಡಿದ್ದು, ಕೊನೆಗೆ ಹೇಳಿದಳು: "ಅಕ್ಕಾ, ನಿಮ್ಮ ರಿಕ್ಷಾದವನನ್ನು ಪಡೀಲಿನಲ್ಲಿ ಕಂಡೆ. ಡ್ರಮ್ಮು ಹಿಂದೆ ಉಂಟು, ರಿಕ್ಷಾ ಒಂದು ಮನೆಯ ಎದುರು ನಿಂತುಂಟು. ಅಲ್ಲಿ ಯಾರಾದರೂ ಹಂದಿ ಸಾಕ್ತಾರಾ ಅಂತ."

ಪಂಪ್‌ವೆಲ್‌ನಿಂದ ವಾಮಂಜೂರಿಗೆ ಬರುವವನಿಗೆ ಪಡೀಲು ದಾರಿಯಲ್ಲ. ಅವನ ಮನೆಯೂ ಅಲ್ಲೇ ಎನ್ನುವುದು ಆಗ ತಲೆಗೆ ಬರಲಿಲ್ಲ, ಉತ್ತರ ಸಿಕ್ಕಿತು ಎನಿಸಿತು. ಗಟ್ಟಿ ಅನ್ನ ಅಲ್ಲಿ ಇಳಿಯುತ್ತದೆ, ನನಗೆ ತಿಳಿನೀರು ಬರುತ್ತದೆ. ಮರುದಿನ ಮೊದಲ ಬಸ್ಸಿಗೆ ಸೌಟು ಹಿಡಿದುಕೊಂಡು ಪಂಪ್‌ವೆಲ್‌ಗೆ ಹೋದೆ.

ಹೋಟೆಲಿನ ಹಿಂಬಾಗಿಲಲ್ಲಿ ಅವನು ಡ್ರಮ್ಮು ತುಂಬಿಸಿ ಆಗಿತ್ತು. ಅಡುಗೆಯವರು ಹೊರಗೆ ಬೀಡಿ ಸೇದುತ್ತಿದ್ದರು. ಪಾತ್ರೆ ತೊಳೆಯುವ ಹೆಂಗಸರು ಇಬ್ಬರು ಕೂತಿದ್ದರು. ನಾನು ಸೌಟನ್ನು ಡ್ರಮ್ಮಿನ ತಳಕ್ಕೆ ಇಳಿಸಿ ಎತ್ತಿದೆ. ಗಟ್ಟಿ ಅನ್ನ ಬಂತು.

"ಇಲ್ಲಿ ಇಷ್ಟು ಗಟ್ಟಿ ಉಂಟು. ನನ್ನ ಮನೆಗೆ ಬರುವಾಗ ನೀರು ಯಾಕೆ?"

"ರಿಕ್ಷಾದಲ್ಲಿ ಕುಲುಕ್ತದೆ ಬಾಯಮ್ಮ. ರೋಡು ನೋಡಿದ್ದೀರಾ ನೀವು?"

"ಪಡೀಲಿನಲ್ಲಿ ರೋಡು ಅನ್ನ ತಿನ್ತದಾ?"

ಬೀಡಿ ಸೇದುವವರು ನಕ್ಕರು. ಅವನು ನಗಲಿಲ್ಲ.

"ಪಡೀಲಿನಲ್ಲಿ ನನ್ನ ಮನೆ ಉಂಟು. ಬೆಳಿಗ್ಗೆ ನಾಲ್ಕೂವರೆಗೆ ಹೊರಟವನು ನಾನು, ಮನೆಗೆ ಹೋಗಿ ಒಂದು ಲೋಟ ಗಂಜಿ ಕುಡೀಬಾರ್ದಾ?"

"ನೀನು ಕುಡಿಯುವುದಾ, ಕುಡಿಸುವುದಾ? ಯಾರ ಹಂದಿಗೆ ಮಾರ್ತೀ? ಕಳ್ಳ ನೀನು, ಹೇಳು."

ಹೆಂಗಸರು ನಲ್ಲಿ ಬಂದ್ ಮಾಡಿದರು. ಅವನು ರಿಕ್ಷಾದಿಂದ ಎರಡೂ ಡ್ರಮ್ಮನ್ನು ಒಂದೊಂದಾಗಿ ಇಳಿಸಿ ನನ್ನ ಕಾಲಿನ ಹತ್ತಿರ ಇಟ್ಟ.

"ಈ ನಾತಕ್ಕೆ ಮಧ್ಯಾಹ್ನದವರೆಗೆ ನನ್ನ ರಿಕ್ಷಾಕ್ಕೆ ಜನ ಹತ್ತುದಿಲ್ಲ. ನನ್ನ ಹೆಂಡತಿ ದಿನಾ ಸೀಟು ತೊಳೀತಾಳೆ. ಹತ್ತು ವರ್ಷ ಆಯ್ತು. ನೀವು ಬೇರೆ ರಿಕ್ಷಾ ನೋಡಿ ಬಾಯಮ್ಮ," ಎಂದು ಹೊರಟು ಹೋದ.

ಬೇರೆ ರಿಕ್ಷಾ ಯಾರು ಬರುತ್ತಾರೆ? ಸ್ಟ್ಯಾಂಡಿನಲ್ಲಿ ನಾಲ್ಕು ಜನರನ್ನು ಕೇಳಿದೆ. ಒಬ್ಬ ಮೂಗು ಮುಚ್ಚಿಕೊಂಡ, ಒಬ್ಬ, "ಆಂಬ್ಯುಲೆನ್ಸ್ ಕರೀರಿ ಅಜ್ಜಿ," ಎಂದ. ಮುಸುರೆಯನ್ನು ಹೋಟೆಲಿನವರಿಗೇ ಬಿಟ್ಟು, ಖಾಲಿ ಡ್ರಮ್ಮು ಎರಡನ್ನೂ ಒಂದರೊಳಗೆ ಒಂದು ಹಾಕಿ ಬಸ್ಸಿನಲ್ಲಿ ಮನೆಗೆ ತಂದೆ.

ನನಗೆ ಬೇಸರ ಆಗಲಿಲ್ಲ. ಹಟ ಬಂತು. ಈಗ ನಡುವೆ ಯಾರ ಕೈಯೂ ಇಲ್ಲ. ನಾನೇ ಬೇಯಿಸಿ ನಾನೇ ಹಾಕುತ್ತೇನೆ, ಹಂದಿ ಬೆಳೆದರೆ ಅವನು ಕಳ್ಳ ಎಂದು ಸಾಬೀತು. ತೌಡು ತಂದೆ. ಹಿತ್ತಿಲಿನ ಕೆಸುವಿನ ಎಲೆ ಕೊಯ್ದೆ. ಮಾಷ್ಟ್ರ ಮರದಿಂದ ನನ್ನ ಕಡೆಗೆ ಬಿದ್ದ ಹಲಸು ಎಲ್ಲ ತುಂಡು ಮಾಡಿದೆ. ಮಾಷ್ಟ್ರ ಹತ್ತಿರ ಕೊಕ್ಕೆ ಇರುವ ತಕ್ಕಡಿ ಉಂಟು, ತೆಂಗಿನಕಾಯಿ ತೂಗುವುದು. ಅದನ್ನು ಕೇಳಿ ತಂದೆ. ತೆಂಗಿನಕಾಯಿಗೆ ಎಂದೇ ಹೇಳಿದೆ.

ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಅಂಕಿ ಗೊತ್ತು. ಗೂಡಿನ ಗೋಡೆಗೆ ಮಸಿಕೆಂಡದಲ್ಲಿ ಗೆರೆ ಎಳೆದು ಮೂರು ಸಾಲು ಮಾಡಿದೆ. ಒಂದರಲ್ಲಿ ಹಾಕಿದ ಮೇವು ಮತ್ತು ನೀರು. ಇನ್ನೊಂದರಲ್ಲಿ ಸಗಣಿ. ಮೂರನೆಯದರಲ್ಲಿ ಮೂತ್ರ. ಸಿಮೆಂಟು ಹಾಕಿಸಿದ ಒಂದು ಉಪಕಾರ ಅದು, ಎಲ್ಲವೂ ಇಳಿಜಾರಿನಲ್ಲಿ ಬಂದು ಚರಂಡಿಯ ಬಾಯಿಯಲ್ಲಿ ಸಿಗುತ್ತಿತ್ತು. ಅಲ್ಲಿ ಒಂದು ಬಾಲ್ದಿ ಇಟ್ಟೆ. ತೊಳೆಯುವ ಮೊದಲು ಬಾಚಿ ತೂಗಿ, ಆಮೇಲೆ ತೊಳೆಯುತ್ತಿದ್ದೆ.

ದಿನಕ್ಕೆ ಏಳು ಕಿಲೋ ಒಳಗೆ ಹೋಗುತ್ತಿತ್ತು. ಸಗಣಿ ಎರಡು. ಮೂತ್ರ ಎರಡೂವರೆ. ಕೂಡಿಸಿದರೆ ನಾಲ್ಕೂವರೆ. ಉಳಿದ ಎರಡೂವರೆ ಕಿಲೋ ಹಂದಿಯ ಮೈಯಲ್ಲಿ ಇರಬೇಕು. ಎಂಟು ದಿನ ಹೀಗೆ ಮಾಡಿದೆ. ಎಂಟು ದಿನಕ್ಕೆ ಇಪ್ಪತ್ತು ಕಿಲೋ. ಒಂಬತ್ತನೆಯ ದಿನ ಹಗ್ಗ ಹಾಕಿ ನೋಡಿದೆ. ಹಳೆಯ ಗಂಟಿನ ಮೇಲೆಯೇ ಬಂದು ಕೂತಿತು. ಒಂದು ನೂಲಿನಷ್ಟು ಕೂಡ ಆಚೆ ಹೋಗಲಿಲ್ಲ.

ಮತ್ತೊಮ್ಮೆ ಹಾಕಿದೆ. ಅಷ್ಟೇ.

ಗೋಡೆಯ ಎದುರು ನಿಂತೆ. ಮೇವು ನಾನೇ ತೂಗಿದ್ದು, ಹಾಕಿದ್ದು ನಾನೇ. ಗೂಡಿಗೆ ಬೀಗ ಉಂಟು, ಕೀಲಿ ನನ್ನ ಸೊಂಟದಲ್ಲಿ. ಇಪ್ಪತ್ತು ಕಿಲೋ ಇಲ್ಲ. ರಿಕ್ಷಾದವನು ಪಡೀಲಿನಲ್ಲಿ ಇದ್ದಾನೆ, ನನ್ನ ಗೂಡಿನ ಹತ್ತಿರ ಬಂದೂ ಇಲ್ಲ. ಅವನನ್ನು ಹಿಡಿಯಲು ಬರೆದ ಅಂಕಿ ಅವನನ್ನು ಬಿಟ್ಟುಬಿಟ್ಟಿತು. ಆದರೂ ಆಗ ನನಗೆ ಮುಖ್ಯ ಅನಿಸಿದ್ದು ಅವನಲ್ಲ. ಇಪ್ಪತ್ತು ಕಿಲೋ ಎಲ್ಲಿ ಎನ್ನುವುದು. ಆಗಸ್ಟ್ ಹತ್ತಿರ ಬಂದಿತ್ತು, ಜನವರಿಗೆ ಐದೇ ತಿಂಗಳು.

ಕೊನೆಯ ಸಲ ಸಗಣಿಯ ಬಾಲ್ದಿಯನ್ನು ಕೊಕ್ಕೆಗೆ ಹಾಕಿ ಎತ್ತಿದ್ದೆ. ಮಾಷ್ಟ್ರು ಗೋಡೆಯ ಆಚೆ ಕೊಡೆ ಹಿಡಿದು ನಿಂತಿದ್ದರು.

"ನನ್ನ ತಕ್ಕಡಿಯಲ್ಲಿ ಎಂತ ತೂಗ್ತಾ ಇದ್ದೀರಿ ಬಾಯಮ್ಮ?"

"ಹೇಳಿದರೆ ನೀವು ತಕ್ಕಡಿ ವಾಪಸು ತೆಗೊಳ್ಳುದಿಲ್ಲ."

"ಹಾಗಾದರೆ ಹೇಳಬೇಡಿ," ಎಂದರು. ಆದರೆ ಹೋಗಲಿಲ್ಲ. ಕುತ್ತಿಗೆ ಉದ್ದ ಮಾಡಿ ಗೋಡೆಯ ಮೇಲಿನ ಮಸಿಯ ಅಂಕಿಗಳನ್ನು ಓದಿದರು. ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ. "ಇದು ಯಾರು ಮಾಡಿದ್ದು?"

"ನಾನಲ್ಲದೆ ಹಂದಿ ಬರೆಯಿತಾ?"

"ಮೂವತ್ತು ವರ್ಷ ಪಾಠ ಮಾಡಿದೆ ಬಾಯಮ್ಮ. ಒಬ್ಬನೂ ಮೂತ್ರದವರೆಗೆ ತೂಗಿದವನಿಲ್ಲ."

"ಹೊಗಳುದು ಬೇಡ ಮಾಷ್ಟ್ರೇ. ದಿನಾ ಎರಡೂವರೆ ಕಿಲೋ ಕಾಣುದಿಲ್ಲ. ಅದು ಎಲ್ಲಿ ಹೋಗ್ತದೆ, ಹೇಳಿ."

ಅವರು ನನ್ನ ಬಚ್ಚಲಿನ ಕಡೆ ನೋಡಿದರು. "ನೀವು ಬಚ್ಚಲಿನ ಒಲೆಗೆ ದಿನಾ ಎಷ್ಟು ಉರಿಸ್ತೀರಿ?"

"ಒಂದು ಹೊರೆ ತರಗೆಲೆ. ನಾಲ್ಕು ತೆಂಗಿನ ಮಡಲು."

"ಬೂದಿ ಎಷ್ಟು ಬರ್ತದೆ?"

"ಒಂದು ಮೊರ ಆಗ್ಬಹುದು. ಅದೂ ಇಲ್ಲ."

"ಉಳಿದದ್ದನ್ನು ಯಾರು ಕದ್ದರು?"

ಅವರು ರಿಕ್ಷಾದವನ ವಿಷಯ ಗೊತ್ತಿದ್ದು ಹೇಳಿದ್ದಲ್ಲ, ಆದರೂ ಚುಚ್ಚಿತು. ನನಗೆ ಇಗರ್ಜಿಯ ಅಂಗಳ ನೆನಪಾಯಿತು. ಗರಿಗಳ ಭಾನುವಾರ ಆಶೀರ್ವಾದ ಮಾಡಿಸಿ ತಂದ ಗರಿಯನ್ನು ನಾವು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿ ಇಡುತ್ತೇವೆ. ಮುಂದಿನ ವರ್ಷ ಒಣಗಿದ್ದನ್ನು ವಾಪಸು ಕೊಡುತ್ತೇವೆ, ಅದನ್ನು ಸುಟ್ಟು ಬೂದಿ ಬುಧವಾರಕ್ಕೆ ಬೂದಿ ಮಾಡುತ್ತಾರೆ. ಮನೆಮನೆಯಿಂದ ಒಟ್ಟು ಮಾಡಿ ತರುವ ಕೆಲಸ ಎಷ್ಟೋ ವರ್ಷ ನನ್ನದೇ. ಒಂದು ಗೋಣಿಚೀಲ, ಎರಡು ಗೋಣಿಚೀಲ ತುಂಬಿ ಗರಿ. ಸುಟ್ಟ ಮೇಲೆ ಒಂದು ಬಟ್ಟಲು. ಆ ಬಟ್ಟಲಿನ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಮನೆಗೆ ಬಂದವಳು ನಾನು. ಉಳಿದ ಗೋಣಿಯಷ್ಟು ಎಲ್ಲಿ ಎಂದು ಒಂದು ವರ್ಷವೂ ಕೇಳಿರಲಿಲ್ಲ.

"ಹೊಗೆ," ಎಂದೆ ಕೊನೆಗೆ.

"ಹೊಗೆ, ಮತ್ತೆ ಬಿಸಿ. ಹಂದಿಯೂ ಹಾಗೆಯೇ, ಒಂದು ಒಲೆ. ತಿಂದ ಅನ್ನ ಒಳಗೆ ಉರಿಯುದು. ನಮಗೆ ಬೆಂಕಿ ಕಾಣುದಿಲ್ಲ, ಅಷ್ಟೇ. ಉಸಿರಿನಲ್ಲಿ ಹೊರಗೆ ಹೋಗ್ತದೆ, ಕಣ್ಣಿಗೆ ಕಾಣದ ಹಾಗೆ. ನಿಮ್ಮ ಎರಡೂವರೆ ಕಿಲೋ ಹಂದಿಯ ಮೂಗಿನಿಂದ ಹೋಯ್ತು."

"ಉಸಿರಿಗೆ ತೂಕ ಉಂಟಾ ಮಾಷ್ಟ್ರೇ? ನನ್ನನ್ನು ಕುರಿ ಮಾಡಬೇಡಿ."

"ಅರವತ್ತೆಂಟು ವರ್ಷ ನೀವು ಗಂಜಿ ಕುಡಿದಿದ್ದೀರಿ. ಎಲ್ಲ ನಿಮ್ಮಲ್ಲೇ ಇದ್ದಿದ್ದರೆ ಈಗ ಎಷ್ಟು ದೊಡ್ಡ ಆಗ್ಬೇಕಿತ್ತು?"

"ಗುಡ್ಡೆಯಷ್ಟು."

"ಮತ್ತೆ?"

ಮತ್ತೆ ಏನೂ ಇಲ್ಲ. ನಾನು ಐವತ್ತು ಕಿಲೋ ಇಲ್ಲ.

ಆದರೆ ಒಂದು ಸಂಶಯ ಉಳಿಯಿತು. ಹಂದಿಗಳು ಯಾವಾಗಲೂ ಉಸಿರಾಡಿದ್ದೇ ತಾನೇ. ಬೇರೆ ವರ್ಷದವು ಬೆಳೆದವು, ಇದು ಯಾಕಿಲ್ಲ? ಅದನ್ನು ಕೇಳಿದೆ. ಮಾಷ್ಟ್ರು ಗೂಡಿನ ಒಳಗೆ ನೋಡಿದರು. ನಾನು ಆಗಷ್ಟೇ ತೊಳೆದಿದ್ದೆ. ಒದ್ದೆ ಸಿಮೆಂಟು ಮಿನುಗುತ್ತಿತ್ತು. ಹಂದಿ ಮೂಲೆಯಲ್ಲಿ ಕಾಲನ್ನು ಹೊಟ್ಟೆಯ ಅಡಿಗೆ ಮಡಚಿ, ಆದಷ್ಟು ಸಣ್ಣದಾಗಿ ಕೂತಿತ್ತು. ಅದರ ಬೆನ್ನಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಆ ಹಬೆಯನ್ನು ನಾನು ಒಂದು ತಿಂಗಳಿಂದ ದಿನಾ ನೋಡುತ್ತಿದ್ದೆ. ಎದ್ದರೆ ಏಳಲಿ ಎಂದು ಬಿಟ್ಟಿದ್ದೆ.

ನನಗೆ ಅವರು ಹೇಳುವ ಮೊದಲೇ ಗೊತ್ತಾಯಿತು. ಒಳಗೆ ಹೋಗಿ ಹಂದಿಯ ಹೊಟ್ಟೆಗೆ ಕೈ ಇಟ್ಟೆ, ಬಿಸಿ. ಅದು ಕೂತಿದ್ದ ಜಾಗಕ್ಕೆ ಇಟ್ಟೆ, ಅಲ್ಲೂ ಸ್ವಲ್ಪ ಬಿಸಿ. ಒಂದು ಗೇಣು ಆಚೆ ಸಿಮೆಂಟು ಮಂಜಿನಂತೆ. ನಾನು ಬೇಯಿಸಿ ಹಾಕಿದ ತೌಡೆಲ್ಲ ಈ ನೆಲ ಕಾಯಿಸಲು ಹೋಗುತ್ತಿತ್ತು. ಸಂಜೆ ಹಂದಿ ಮಲಗಿ ಬೆಚ್ಚಗೆ ಮಾಡಿದ ಜಾಗಕ್ಕೆ ನಾನು ಬೆಳಿಗ್ಗೆ ಎರಡು ಕೊಡ ತಣ್ಣೀರು ಹೊಯ್ಯುತ್ತಿದ್ದೆ. ಮೊದಲಿನ ಗೂಡಿನಲ್ಲಿ ತರಗೆಲೆಯ ರಾಶಿಯೇ ಕೊಳೆತು ಕೊಳೆತು ಒಳಗಿನಿಂದ ಬೆಚ್ಚಗಿರುತ್ತಿತ್ತು, ಕೈ ಹಾಕಿದರೆ ಗೊತ್ತಾಗುತ್ತಿತ್ತು. ಎರಡು ಹಂದಿ ಇದ್ದರೆ ಒಂದಕ್ಕೊಂದು ಅಂಟಿಕೊಂಡು ಮಲಗುತ್ತಿದ್ದವು. ಇದಕ್ಕೆ ಅಂಟಿಕೊಳ್ಳಲು ಗೋಡೆ ಮಾತ್ರ.

ಕದ್ದವಳು ನಾನೇ. ಬಾಲ್ದಿ ಹಿಡಿದು ದಿನಕ್ಕೆ ಎರಡು ಸಲ.

"ಸಿಮೆಂಟು ಹಾಕಿಸಿ ಅಂತ ಹೇಳಿದ್ದು ನೀವು," ಎಂದೆ ಮಾಷ್ಟ್ರಿಗೆ.

"ನಾನೇ," ಎಂದರು. ತಲೆ ತಗ್ಗಿಸಿದರು. "ನಾನು ಮೂಗಿನಿಂದ ಯೋಚನೆ ಮಾಡಿದೆ."

"ನಾನು ಪುನಃ ಸೊಪ್ಪು ಹಾಕ್ತೇನೆ. ಒಣ ಸೊಪ್ಪು ದಪ್ಪ ಇದ್ದರೆ ನಾತ ಅಷ್ಟು ಬರುದಿಲ್ಲ. ಬಂದರೂ ಜನವರಿವರೆಗೆ ತಡ್ಕೊಳ್ಳಿ. ನಿಮ್ಮ ಮನೆಯವರಿಗೆ ನೀವೇ ಹೇಳಿ."

"ಅವಳು ಎಂತ ಹೇಳ್ತಾಳೆ ಗೊತ್ತುಂಟಾ? ಈ ವರ್ಷ ಬಾಯಮ್ಮನ ಬಸಳೆ ಯಾಕೆ ಹಳದಿ ಬಂತು ಅಂತ ಕೇಳ್ತಾ ಇದ್ದಳು."

ಅದೂ ಸತ್ಯ. ಚಪ್ಪರದಲ್ಲಿ ಬಸಳೆ ಸೊರಗಿತ್ತು. ಗೊಬ್ಬರವೆಲ್ಲ ತೊಳೆದ ನೀರಿನ ಜೊತೆ ತೋಡಿಗೆ ಹೋಗಿತ್ತು. ತೋಡಿನಲ್ಲಿ ಹುಲ್ಲು ಎದೆಯೆತ್ತರ ಎದ್ದು ನೀರಿಗೆ ದಾರಿ ಇರಲಿಲ್ಲ.

"ಪ್ರತಿ ವರ್ಷ ಹಂದಿಗೊಬ್ಬರದ ಬಸಳೆ ತಿಂದವರು ನೀವು," ಎಂದೆ.

"ಮೆಲ್ಲಗೆ, ಮೆಲ್ಲಗೆ," ಎಂದು ಮಾಷ್ಟ್ರು ಹಿಂದೆ ತಿರುಗಿ ಮನೆಯ ಬಾಗಿಲು ನೋಡಿದರು. ಆಮೇಲೆ ತಾವೇ ನಕ್ಕರು. "ಬಸಳೆ ಬಿಡಿ. ಹಂದಿ ಬಿಟ್ಟ ಉಸಿರನ್ನು ನಮ್ಮ ಹಲಸಿನ ಎಲೆ ಕುಡೀತದೆ. ಅದರಿಂದಲೇ ಹಣ್ಣು ಆಗುದು."

"ಆ ಮರದ ಹಣ್ಣು ನಿಮ್ಮ ಅಣ್ಣ ದೇವಸ್ಥಾನಕ್ಕೆ ತೆಕ್ಕೊಂಡು ಹೋಗ್ತಾರಲ್ಲ?"

"ಬಾಯಮ್ಮ, ಅಲ್ಲಿವರೆಗೆ ವಿಜ್ಞಾನ ಬೇಡ."

ಹೋಗುವ ಮೊದಲು ಅವರು ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಕೂತಿತು. ಉಸಿರು ಎಲೆಗೆ ಹೋಗಿ ಪುನಃ ಮೇವಾಗಿ ಬರುತ್ತದೆ, ಸಗಣಿ ಬಸಳೆಗೆ ಹೋಗಿ ಬರುತ್ತದೆ, ಬಿಸಿ ಮಾತ್ರ ತಿರುಗಿ ಬರುವುದಿಲ್ಲ. ಅದು ಹೋದರೆ ಹೋಯಿತು. ಅದಕ್ಕೇ ದಿನಾ ಹೊಸ ಬಿಸಿಲು ಬೇಕು.

ಬಿಸಿಲೇ ಇಲ್ಲದ ಜುಲೈ ತಿಂಗಳು. ಒಣಗಿದ ಒಂದು ಎಲೆ ಎಲ್ಲಿಂದ ತರುವುದು? ಇದ್ದದ್ದು ಒಂದೇ ಕಡೆ, ನನ್ನ ಬಚ್ಚಲಿನ ಅಟ್ಟದಲ್ಲಿ. ಮಳೆಗಾಲ ಮುಗಿಯುವವರೆಗೆ ಸ್ನಾನದ ನೀರು ಕಾಯಿಸಲು ಬೇಸಗೆಯಲ್ಲಿ ಗುಡಿಸಿ ತುಂಬಿಸಿ ಇಟ್ಟ ತರಗೆಲೆ, ಹನ್ನೆರಡು ಗೋಣಿ. ಅದರಲ್ಲಿ ಇದ್ದದ್ದು ಹೋದ ಬೇಸಗೆಯ ಬಿಸಿಲು. ಅದನ್ನು ಒಲೆಗೆ ಹಾಕಿದರೆ ಬಿಸಿ ನನ್ನ ಬೆನ್ನಿಗೆ, ಗೂಡಿಗೆ ಹಾಕಿದರೆ ಹಂದಿಯ ಬೆನ್ನಿಗೆ. ಇಬ್ಬರಿಗೂ ಸಾಲುವಷ್ಟು ಇರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಏಣಿ ಹಾಕಿದೆ. ಹನ್ನೆರಡನ್ನೂ ಕೆಳಗೆ ದೂಡಿದೆ. ಸಿಮೆಂಟನ್ನು ಹಳೆ ಗೋಣಿಯಿಂದ ಒರೆಸಿ, ಅದರ ಮೇಲೆ ಮೊಣಕಾಲೆತ್ತರ ಸುರಿದೆ. ಗಾಳಿ ಬರುವ ಬದಿಗೆ ತೆಂಗಿನ ಗರಿ ಕಟ್ಟಿದೆ. ಹಂದಿ ಮೊದಲು ಹೆದರಿತು. ಆಮೇಲೆ ಮೂತಿ ಹಾಕಿ ಒಂದು ಸಲ ಅಡಿಮೇಲು ಮಾಡಿ, ಒಳಗೆ ನುಗ್ಗಿ ಮಲಗಿತು. ಕಾಲು ಚಾಚಿ ಮಲಗಿತು. ಎರಡು ತಿಂಗಳಲ್ಲಿ ಅದು ಕಾಲು ಚಾಚಿದ್ದನ್ನು ನಾನು ಕಂಡಿರಲಿಲ್ಲ. ಬೆನ್ನಿನ ಹಬೆ ನಿಂತಿತ್ತು.

ಜನವರಿಯಲ್ಲಿ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಹಗ್ಗದಲ್ಲಿ ಗಂಟು ದೂರ ದೂರ ಬಿದ್ದವು. ರೋಸಿಗೆ ಹಂದಿ ಆಯಿತು, ನೂರೈವತ್ತು ಜನ ತಿಂದರು. ಹಂದಿ ಕಡಿಯುವಾಗ ನಿಮಗೆ ಅಳು ಬಂತಾ ಎಂದು ಮದುಮಗಳು ಕೇಳಿದಳು. ನಾನು ಅಳಲಿಲ್ಲ, ಕೊಬ್ಬು ಎರಡು ಬೆರಳು ದಪ್ಪ ಇತ್ತು. ತಮ್ಮನ ಹೆಂಡತಿ ಎರಡು ಸಲ ಹಾಕಿಸಿಕೊಂಡಳು, ಪನ್ನೀರಿನ ಮಾತು ಎತ್ತಲಿಲ್ಲ. ಊಟ ಮಾಡಿದವರು ಬ್ಯಾಂಡಿಗೆ ಕುಣಿದರು, ಬೆವರಿದರು, ಬಾಯಿಂದ ಬಿಸಿ ಬಿಟ್ಟರು. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಒಂಬತ್ತು ತಿಂಗಳ ಹಂದಿ ಚಪ್ಪರದ ಮೇಲಿನಿಂದ ಹೊರಟು ಹೋಗುತ್ತಿತ್ತು. ಹೋಗಲಿ, ಅದಕ್ಕೇ ಸಾಕಿದ್ದು. ಸಿಮೆಂಟು ಈಗಲೂ ಉಂಟು, ಅದರ ಮೇಲೆ ಸೊಪ್ಪು ಉಂಟು, ಎರಡು ಹಂದಿ ಉಂಟು. ಕ್ರೋಟನ್ ನೆಡಲಿಲ್ಲ.

ಆದರೆ ಜುಲೈಯ ಆ ಸಂಜೆ ಇದು ಯಾವುದೂ ಆಗಿರಲಿಲ್ಲ. ಹಂದಿಗೆ ಹಾಸಿಗೆ ಆಯಿತು, ಹೊಟ್ಟೆಗೆ ಬೇಡವೇ? ತೌಡಿನ ಗೋಣಿ ತಳ ಕಂಡಿತ್ತು, ಕೆಸು ಬೋಳಾಗಿತ್ತು, ಹಲಸು ಮುಗಿದಿತ್ತು. ಪಂಪ್‌ವೆಲ್‌ನ ಮುಸುರೆ ಬಾರದೆ ಹಂದಿ ಬೆಳೆಯುವುದಿಲ್ಲ, ಆ ರಿಕ್ಷಾ ಅಲ್ಲದೆ ಮುಸುರೆ ಬರುವುದಿಲ್ಲ. ಹಂದಿಯ ಅಗತ್ಯ ಇಲ್ಲದಿದ್ದರೆ ನಾನು ಅವನ ಮನೆಗೆ ಹೋಗುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಹೋಗಬೇಕಿತ್ತು ಎನ್ನುವುದು ಮಾತ್ರ ಗೊತ್ತು.

ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಣ್ಣೀರಿನಲ್ಲಿ ಸ್ನಾನ ಮಾಡಿದೆ. ಡ್ರಮ್ಮಿನೊಳಗೆ ಡ್ರಮ್ಮು ಹಾಕಿ, ಯಾರೋ ಒಬ್ಬ ಬೈಕಿನವನ ಹಿಂದೆ ಕೂತು, ಡ್ರಮ್ಮನ್ನು ಮಡಿಲಲ್ಲಿ ಹಿಡಿದು, ಪಡೀಲಿಗೆ ಹೋದೆ. ಅವನು ಮನೆಯ ಎದುರು ರಿಕ್ಷಾದ ಗಾಜು ಒರೆಸುತ್ತಿದ್ದ. ಅಲ್ಲಿ ಹಂದಿ ಇರಲಿಲ್ಲ, ಕೋಳಿ ನಾಲ್ಕು ಇದ್ದವು. ನನ್ನನ್ನು ನೋಡಿದ, ಡ್ರಮ್ಮು ನೋಡಿದ, ಒರೆಸುವುದನ್ನು ನಿಲ್ಲಿಸಲಿಲ್ಲ.

"ಕಳ್ಳನ ರಿಕ್ಷಾ ಬಾಯಮ್ಮ ಇದು. ಬೇರೆ ನೋಡಿ."

"ಕಳ್ಳ ಸಿಕ್ಕಿದ. ನೀನಲ್ಲ. ನಾನೇ. ತಪ್ಪಾಯ್ತು."

"ಹೇಳುವಾಗ ಪಂಪ್‌ವೆಲ್‌ನಲ್ಲಿ ಎಲ್ಲರ ಎದುರು ಹೇಳಿದ್ದೀರಿ. ಇಲ್ಲಿ ಕೋಳಿ ಮಾತ್ರ ಕೇಳುದು."

ಅದು ಸರಿಯೇ. ನಾನು ಡ್ರಮ್ಮು ಹಿಂದೆ ಇಟ್ಟು, ಸೀಟಿನಲ್ಲಿ ಕೂತು, "ಪಂಪ್‌ವೆಲ್‌ಗೆ ಬಿಡು," ಎಂದೆ. ಅವನು ಒರೆಸುವ ಬಟ್ಟೆಯನ್ನು ಹಿಂಡಿದ. ಅವನ ಹೆಂಡತಿ ಬಾಗಿಲಿನಿಂದ, "ಹೋಗಿ ಮಾರಾಯ್ರೆ, ಪಾಪ ಅಜ್ಜಿ ಚಳಿಗೆ ನಡುಗ್ತಾ ಉಂಟು," ಎಂದಳು. ನಾನು ನಡುಗುತ್ತಿದ್ದದ್ದು ತಣ್ಣೀರು ಸ್ನಾನಕ್ಕೆ. ಆದರೂ ಸುಮ್ಮನಿದ್ದೆ.

ಹೋಟೆಲಿನ ಹಿಂಬಾಗಿಲಲ್ಲಿ ಅದೇ ಅಡುಗೆಯವರು ಬೀಡಿ ಸೇದುತ್ತಿದ್ದರು. ಅದೇ ಹೆಂಗಸರು ಇಬ್ಬರು. ನಾನು ಇಳಿದು, ನಲ್ಲಿ ಬಂದ್ ಮಾಡಿ ಎಂದೆ. ಬಂದ್ ಮಾಡಿದರು. "ಹತ್ತು ದಿನದ ಹಿಂದೆ ಇವನನ್ನು ನಾನು ಇಲ್ಲಿ ಕಳ್ಳ ಅಂದೆ. ಇವನು ಒಂದು ಅಗುಳು ಕದ್ದವನಲ್ಲ. ಸುಳ್ಳು ಹೇಳಿದ್ದು ನಾನು," ಎಂದೆ. ಒಬ್ಬಳು ನಲ್ಲಿ ಪುನಃ ತಿರುಗಿಸಿದಳು. ಅವನು ಡ್ರಮ್ಮಿಗೆ ಮುಸುರೆ ಹೊಯ್ಯಲು ಶುರು ಮಾಡಿದ. ನಾನು ಸೌಟು ತಂದಿರಲಿಲ್ಲ, ಹಾಗಾಗಿ ಕೈಯಲ್ಲೇ ಡ್ರಮ್ಮನ್ನು ಓರೆ ಮಾಡಿ ಹಿಡಿದುಕೊಂಡೆ.